ನಲವತ್ತಮೂರನೆಯ ಮೀಟರು

ನನ್ನ ಮೈಮೇಲೆ ಅಂಕಿಗಳಿವೆ. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ಅಚ್ಚೊತ್ತಿದ್ದು, ಮೀಟರಿಗೊಂದರಂತೆ. ಒಳಗೆ ತಾಮ್ರದ ಎಳೆ, ಅದರ ಸುತ್ತ ಬಿಳಿಯ ಹೊದಿಕೆ, ಅದರ ಮೇಲೆ ಹೆಣೆದ ಲೋಹದ ಬಲೆ, ಹೊರಗೆ ಕರಿಯ ಚರ್ಮ. ಮನೆಮನೆಗೆ ಟಿವಿ ತರುವ ಕೇಬಲ್ ನನ್ನ ದಾಯಾದಿ. ಅವನಿಗಿಂತ ನಾನು ಕೊಂಚ ದಪ್ಪ. ಹುಟ್ಟಿದಾಗ ನೂರು ಮೀಟರು ಉದ್ದವಿದ್ದೆ.

ಚಿತ್ರದುರ್ಗದ ಆಚೆ, ಕುರುಚಲು ಬಯಲಿನ ನಡುವೆ ಇರುವ ಒಂದು ರೇಡಿಯೊ ದೂರದರ್ಶಕ ಕೇಂದ್ರಕ್ಕೆ ನನ್ನನ್ನು ತಂದರು. ಅಲ್ಲಿ ದೊಡ್ಡ ತಟ್ಟೆಗಳು ಆಕಾಶಕ್ಕೆ ಕಿವಿಕೊಟ್ಟು ನಿಂತಿವೆ. ಕೆಲವು ನಕ್ಷತ್ರಗಳು ಸುತ್ತುತ್ತಾ ನಾಡಿಯಂತೆ ಮಿಡಿಯುತ್ತವೆಯಂತೆ. ಪ್ರತಿ ಮಿಡಿತ ಬಂದ ಹೊತ್ತನ್ನು ಬರೆದಿಡುವುದು ಅಲ್ಲಿಯವರ ಕೆಲಸ. ಅದಕ್ಕೆ ತಪ್ಪದ ಗಡಿಯಾರ ಬೇಕು. ಗಡಿಯಾರವನ್ನು ಸರಿಯಾಗಿಡುವ ಸೆಕೆಂಡು ಉಪಗ್ರಹದಿಂದ ಬರುತ್ತದೆ. ಚಾವಣಿಯ ಆಂಟೆನಾದಿಂದ ಕೆಳಗಿನ ಗಡಿಯಾರದ ಕೋಣೆಗೆ ಆ ಸೆಕೆಂಡನ್ನು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು.

ನನ್ನನ್ನು ಹಾಕಿಸಿದವರು ಇಂಜಿನಿಯರ್ ನಿಜಗುಣ. ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಚಾವಣಿಯಿಂದ ಕೋಣೆಗೆ ನಲವತ್ತೆರಡು ಮೀಟರೇ ಸಾಕಾಯಿತು. ಅಟೆಂಡರ್ ಓಬಯ್ಯ ಕಟಿಂಗ್ ಪ್ಲೇಯರ್ ಹಿಡಿದು ನಿಂತಿದ್ದ.

"ಉಳಿದಿದ್ದು ಕತ್ತರಿಸ್ಲಾ ಸಾ?"

"ಬೇಡಪ್ಪ. ನಾಳೆ ಕೋಣೆ ಬೇರೆ ಕಡೆ ಹೋದ್ರೆ?"

"ಇಷ್ಟುದ್ದ ಸುಮ್ಕೆ ಬಿದ್ದಿರ್ಬೇಕಾ?"

"ಬಿದ್ದಿರ್ಲಿ. ಅದಕ್ಕೇನು ನೀನು ಊಟ ಹಾಕ್ಬೇಕಾ?"

ಹೀಗೆ ನನ್ನ ಐವತ್ತೆಂಟು ಮೀಟರು ಗಡಿಯಾರದ ಪೆಟ್ಟಿಗೆಯ ಹಿಂದೆ ಸುರುಳಿಯಾಗಿ ಮಲಗಿತು. ಸೆಕೆಂಡು ಆ ಸುರುಳಿಯನ್ನೂ ಸುತ್ತಿಯೇ ಗಡಿಯಾರ ಸೇರುತ್ತಿತ್ತು. ಅದಕ್ಕೆ ಹಿಡಿಯುವ ಹೊತ್ತು ಕಣ್ಣಿಗೆ ಕಾಣುವಂಥದ್ದಲ್ಲ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ, ನನ್ನ ಒಂದು ಮೀಟರು ದಾಟಲು ಐದು ಪಾಲು. ನಿಜಗುಣ ಮೂರು ದಿನ, ದಿನಕ್ಕೊಮ್ಮೆ ನನ್ನನ್ನು ಅಳೆದರು. ಮೂರು ಸಲವೂ ಐನೂರ ಎರಡು ಬಂತು. ಪುಸ್ತಕದಲ್ಲಿ ತಾರೀಖು ಹಾಕಿ "ತಂತಿಯ ವಿಳಂಬ ೫೦೨" ಎಂದು ಬರೆದರು. ಗಡಿಯಾರಕ್ಕೂ ಅದೇ ಅಂಕಿ ಕೊಟ್ಟರು. ಬಂದ ಸೆಕೆಂಡಿನಿಂದ ಅಷ್ಟನ್ನು ಅದು ಕಳೆಯಬೇಕು. ಹಿಂದೆ ಸುರುಳಿ ಇದೆ ಎಂದು ಮಾತ್ರ ಬರೆಯಲಿಲ್ಲ. ಬಗ್ಗಿದವರಿಗೆ ಕಾಣುತ್ತದಲ್ಲ ಎಂದುಕೊಂಡರೇನೋ.

ಎಂಟು ವರ್ಷ ಸೆಕೆಂಡಿಗೊಂದು ಸೆಕೆಂಡು ಹೊತ್ತೆ. ಪ್ರತಿ ಬೆಳಿಗ್ಗೆ ನಿಜಗುಣ ಬಂದು ಹಸಿರು ದೀಪ ನೋಡಿ, ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಿದ್ದರು. ತಮಗೆ ಗೊತ್ತಿಲ್ಲದ್ದಕ್ಕೆ "ಗೊತ್ತಾಗಲಿಲ್ಲ" ಎಂದೇ ಬರೆಯುತ್ತಿದ್ದರು. ಅಂಥ ಕೈ ನಾನು ಮತ್ತೆ ಕಾಣಲಿಲ್ಲ.

ಎಂಟನೆಯ ವರ್ಷದ ಜುಲೈನಲ್ಲಿ ಅವರು ಬರುವುದು ನಿಂತಿತು. ಓಬಯ್ಯ ಬಂದು ಕುರ್ಚಿಯ ಮೇಲಿದ್ದ ಸ್ವೆಟರನ್ನು ಮಡಿಸಿ ಕೊಂಡೊಯ್ದ. ಎದೆನೋವಂತೆ. ಮೂವತ್ತೊಂಬತ್ತು ವಯಸ್ಸು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಈ ಕೇಂದ್ರದಲ್ಲಿ ಅಂದು ಎಲ್ಲ ಯಂತ್ರಕ್ಕೂ ಕುಂಕುಮ, ಚೆಂಡುಹೂವು. ಹಿಂದಿನ ದಿನ ಓಬಯ್ಯ ಗಡಿಯಾರದ ಕೋಣೆ ಗುಡಿಸಲು ಬಂದ. ಪೆಟ್ಟಿಗೆಯ ಹಿಂದೆ ಎಂಟು ವರ್ಷದ ಧೂಳು ಹೊದ್ದ ನಾನು. ಅವನು ಗುತ್ತಿಗೆಯ ಎಲೆಕ್ಟ್ರಿಷಿಯನ್ನನ್ನು ಕರೆದ. ಆತ ಸುರುಳಿಯನ್ನು ಅಚ್ಚುಕಟ್ಟಾಗಿ ಕತ್ತರಿಸಿ, ಚಾವಣಿಯಿಂದ ಬರುವ ತುದಿಗೆ ಹೊಸ ಕನೆಕ್ಟರ್ ಹಾಕಿ ಗಡಿಯಾರಕ್ಕೆ ಸಿಕ್ಕಿಸಿದ. ಹಸಿರು ದೀಪ ಮತ್ತೆ ಹತ್ತಿತು. ಮರುದಿನ ಗಡಿಯಾರಕ್ಕೆ ಹಾರ ಬಿತ್ತು. ಅಷ್ಟು ಹೊತ್ತಿಗೆ ಕತ್ತರಿಸಿದ ಐವತ್ತೆಂಟು ಮೀಟರಾಗಿ ನಾನು ಓಬಯ್ಯನ ಸೈಕಲ್ಲಿನ ಹಿಂದಿದ್ದೆ.

ನವೆಂಬರಿನಲ್ಲಿ ನಿಜಗುಣರ ಹೆಂಡತಿ ಶಾಂಭವಿಗೆ ಅನುಕಂಪದ ಆಧಾರದ ಮೇಲೆ ಕೇಂದ್ರದ ದಾಖಲೆ ಕೋಣೆಯಲ್ಲಿ ಕೆಲಸ ಸಿಕ್ಕಿತು. ಕ್ವಾರ್ಟರ್ಸಿನ ಕೊನೆಯ ಮನೆ ಕೊಟ್ಟರು. ಓಬಯ್ಯ ನನ್ನನ್ನು ತಂದು ಹಿತ್ತಲಿನ ಎರಡು ಕಂಬಗಳ ನಡುವೆ ಮೂರು ಸುತ್ತು ಎಳೆದು ಕಟ್ಟಿದ.

"ಒಳ್ಳೆ ತಂತಿ ಕಣವ್ವ. ತುಕ್ಕು ಹಿಡಿಯಾಕಿಲ್ಲ, ಬಟ್ಟೆಗೆ ಕಲೆ ಆಗಾಕಿಲ್ಲ."

ಒದ್ದೆ ಸೀರೆಯ ಭಾರ ಮೊದಲು ಕಷ್ಟವಾಯಿತು. ಸೆಕೆಂಡಿಗೆ ಭಾರವಿರಲಿಲ್ಲ. ಮೊದಲ ವಾರ ಗಂಡಸಿನ ಎರಡು ಅಂಗಿಗಳನ್ನೂ ಒಣಹಾಕಿದಳು. ಆಮೇಲೆ ಹಾಕಲಿಲ್ಲ. ಒಣಗಿದೆಯೇ ಎಂದು ಮುಟ್ಟಿ ನೋಡುತ್ತಾ ನನ್ನ ಅಂಕಿಗಳ ಮೇಲೆ ಬೆರಳಾಡಿಸುತ್ತಿದ್ದಳು. ಯಾರೊಡನೆಯೂ ಹೆಚ್ಚು ಮಾತಿಲ್ಲ.

ಆ ತಿಂಗಳೇ ನಿಜಗುಣರ ಜಾಗಕ್ಕೆ ಮುನೀರ್ ಎಂಬ ಹೊಸ ಇಂಜಿನಿಯರ್ ಬಂದ. ಡಿಸೆಂಬರಿನಲ್ಲಿ, ಬೇರೆ ದೇಶದ ಒಂದು ಕೇಂದ್ರದ ಜೊತೆ ಇಲ್ಲಿಯ ಗಡಿಯಾರವನ್ನು ಮೊದಲ ಬಾರಿಗೆ ಹೋಲಿಸಿದರು. ನಮ್ಮದು ಇನ್ನೂರ ತೊಂಬತ್ತೊಂದು ಪಾಲು ಮುಂದಿತ್ತು. ಹಿತ್ತಲಿನ ಆಚೆಯೇ ಕ್ಯಾಂಟೀನು. ಅಲ್ಲಿ ಟೀ ಕುಡಿಯುವವರಿಂದ ಮುಂದಿನದೆಲ್ಲ ಕೇಳಿದೆ. ಮುನೀರ್ ಆಂಟೆನಾ ಬದಲಿಸಿದ. ವಿದ್ಯುತ್ತಿನ ಪೆಟ್ಟಿಗೆ ಬದಲಿಸಿದ. ಬಿಸಿಲಿಗೆ ಹೆಚ್ಚುಕಡಿಮೆ ಆಗುತ್ತದೆಯೇ ಎಂದು ಹತ್ತು ದಿನ ಗಂಟೆಗೊಮ್ಮೆ ಬರೆದಿಟ್ಟ. ಬೇರೆ ಕಡೆಯಿಂದ ಇನ್ನೊಂದು ಗಡಿಯಾರ ತರಿಸಿ ಪಕ್ಕದಲ್ಲಿಟ್ಟ. ಒಂದೊಂದನ್ನೇ ತಪ್ಪಿಲ್ಲ ಎಂದು ಬಿಡಿಸಿಕೊಂಡು ಬಂದು, ಕೊನೆಗೆ ತಂತಿಯ ಬಳಿ ನಿಂತ. ಆ ತಾಳ್ಮೆಗೆ ನಿಜಗುಣರೂ ತಲೆದೂಗುತ್ತಿದ್ದರು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅವನು ಹಿತ್ತಲಿಗೇ ಬಂದ. ಓಬಯ್ಯ ತೊಟ್ಟಿಗೆ ನೀರು ಬಿಡುತ್ತಿದ್ದ. ಶಾಂಭವಿ ಬಟ್ಟೆ ಹಿಂಡುತ್ತಿದ್ದಳು.

"ಮೇಡಂ, ನಾಳೆ ಮೀಟಿಂಗಿದೆ. ನೀವು ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ಬಂದೆ. ಸರ್ ಬರೆದ ಅಂಕಿ ತಪ್ಪಿದೆ. ತಂತಿ ಅಳೆದ್ರೆ ಇನ್ನೂರ ಹನ್ನೊಂದೇ ಬರೋದು."

"ಅದರಿಂದ ಏನಾಗುತ್ತೆ?"

"ಎಂಟು ವರ್ಷದ ಲೆಕ್ಕ ನಂಬೋ ಹಾಗಿಲ್ಲ, ಹೊರದೇಶದ ಕೇಂದ್ರಕ್ಕೆ ಕಳಿಸೋದು ಬೇಡ ಅಂತಿದ್ದಾರೆ ಮುಖ್ಯಸ್ಥರು. ನಕ್ಷತ್ರದ ಸದ್ದು ತೀರಾ ಸಣ್ಣದು. ಗಡಿಯಾರ ಯಾವಾಗಿಂದ ತಪ್ಪಿದೆ ಅಂತ ಅದರಿಂದಲೂ ಹೇಳೋಕಾಗಲ್ಲ."

"ನೀವು ಎಷ್ಟು ಸಲ ಅಳೆದ್ರಿ?"

"ನಾಲ್ಕು."

"ಅವರು ಮೂರು ಸಲ ಅಳೆದಿದ್ದಾರೆ. ಪುಸ್ತಕ ನನ್ನ ಹತ್ರಾನೇ ಇದೆ." ಆಕೆ ಸೀರೆ ಕೊಡವಿ ನನ್ನ ಮೇಲೆ ಹರಡಿದಳು. "ಐನೂರ ಎರಡು ಬರ್ಬೇಕಾದ್ರೆ ತಂತಿ ಎಷ್ಟುದ್ದ ಇರಬೇಕು?"

"ನೂರು ಮೀಟರ್. ಇರೋದು ನಲವತ್ತೆರಡು. ಅದರ ಮೇಲೇ ಅಚ್ಚಾಗಿದೆ ಮೇಡಂ, ಕೊನೇ ಅಂಕಿ ನಲವತ್ತೆರಡು."

ಆಕೆಯ ಕೈ ನಿಂತಿತು. ಕಂಬದ ಕಡೆಗೆ ನಡೆದು, ಗಂಟಿನ ಪಕ್ಕದಲ್ಲಿದ್ದ ಟವೆಲನ್ನು ಸರಿಸಿದಳು.

"ಇಲ್ಲಿ ನಲವತ್ತಮೂರಿದೆ."

ಮುನೀರ್ ಬಗ್ಗಿ ಓದಿದ. ನಲವತ್ತಮೂರು. ನಲವತ್ತನಾಲ್ಕು. ಬಟ್ಟೆಗಳನ್ನು ಸರಿಸುತ್ತಾ ಮೂರು ಸುತ್ತೂ ನಡೆದು ನೂರರ ತನಕ ಓದಿದ. ಆಮೇಲೆ ಇಬ್ಬರೂ ಓಬಯ್ಯನ ಕಡೆ ತಿರುಗಿದರು.

"ಹೂಂ ಸಾ, ಗಡಿಯಾರದ ಹಿಂದ್ಗಡೇದು. ಹಾವು ಸುತ್ಕಂಡಂಗೆ ಬಿದ್ದಿತ್ತು. ಪೂಜೆಗೆ ನೀಟಾಗಿರ್ಲಿ ಅಂತ ತಗಸ್ದೆ."

"ಒಂದು ತಿಂಗಳಿಂದ ಹುಡುಕ್ತಿದ್ದೀನಲ್ಲ ಓಬಯ್ಯ, ಹೇಳಬಾರದಾ?"

"ನೀವು ಟೈಮ್ ಹುಡುಕ್ತಿದ್ರಿ ಸಾ. ತಂತಿ ಅಂತ ಯಾರು ಕೇಳಿದ್ರಿ?"

ಶಾಂಭವಿ ಒಳಗೆ ಹೋಗಿ ಖಾಲಿ ಬಕೆಟ್ಟು ತಂದಳು. ಹಸಿ ಬಟ್ಟೆಗಳನ್ನೆಲ್ಲ ಒಂದೊಂದಾಗಿ ತೆಗೆದು ಅದರೊಳಗೆ ಹಾಕಿದಳು. "ಬಿಚ್ಚಿಕೊಳ್ಳಿ," ಎಂದಳು.

ಕೋಣೆಯ ಮೇಜಿನ ಮೇಲೆ ನನ್ನನ್ನು ಅಳೆದಾಗ ಇನ್ನೂರ ತೊಂಬತ್ತೊಂದು ಬಂತು. ಮುನೀರ್ ಅದಕ್ಕೆ ಇನ್ನೂರ ಹನ್ನೊಂದು ಕೂಡಿಸಿ, ಕೆಳಗೆ ಐನೂರ ಎರಡು ಎಂದು ಬರೆದ. ಮರುದಿನ ಮುಖ್ಯಸ್ಥ ವೆಂಕಟಾಚಲ ಅವರು ಓಬಯ್ಯನನ್ನು ಕರೆಸಿದರು.

"ಕತ್ತರಿಸಿದ್ದಕ್ಕೆ ಬೈತಿಲ್ಲ ಕಣಯ್ಯ. ಬರೆದಿಡಲಿಲ್ಲವಲ್ಲ, ಅದಕ್ಕೆ."

"ನಂಗೆ ಬರಿಯಾಕೆ ಪುಸ್ತಕ ಯಾವಾಗ ಕೊಟ್ಟಿದ್ರಿ ಸಾ?"

ಈಗ ಕೋಣೆಯ ಬಾಗಿಲಿಗೆ ಒಂದು ಪುಸ್ತಕ ತೂಗುಹಾಕಿದ್ದಾರೆ. ಕಸ ಗುಡಿಸಿದವರೂ ಅದರಲ್ಲಿ ಬರೆಯಬೇಕು. ಪೂಜೆಯ ಹಿಂದಿನ ದಿನದಿಂದ ಈಚಿನ ಲೆಕ್ಕವನ್ನು ಮಾತ್ರ ತಿದ್ದಿದರು. ನಿಜಗುಣರ ಎಂಟು ವರ್ಷ ಒಂದು ಅಂಕಿಯೂ ಬದಲಾಗದೆ ಹೊರದೇಶಕ್ಕೆ ಹೋಯಿತು. ಮಾರ್ಚಿನಲ್ಲಿ ಉತ್ತರ ಬಂತು: ಒಪ್ಪಿದ್ದೇವೆ.

ನನ್ನನ್ನು ಮತ್ತೆ ಜೋಡಿಸಲಿಲ್ಲ. ಜೋಡಿಸಿದರೆ ಹೊಸದಾಗಿ ಅಳೆಯಬೇಕು, ಸುಮ್ಮನೆ ಏಕೆ ಎಂದರು. ಗಡಿಯಾರದ ಕೋಣೆಯ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ ಮಲಗಿದ್ದೇನೆ. ಚರ್ಮ ಬಿಸಿಲಿಗೆ ಬಿರುಸಾಗಿದೆ. ನನ್ನೊಳಗೆ ಈಗ ಏನೂ ಹರಿಯುವುದಿಲ್ಲ. ಯೋಚಿಸಲು ಹೊತ್ತಿದೆ. ಯಾವುದೂ ಹೊರಟ ಕ್ಷಣಕ್ಕೇ ತಲುಪುವುದಿಲ್ಲ. ನಕ್ಷತ್ರದ ಮಿಡಿತವಂತೂ ಎಷ್ಟೋ ವರ್ಷ ತಡವಾಗಿ ಬರುತ್ತದೆ. ತಡವಾದದ್ದು ತಪ್ಪಲ್ಲ. ಎಷ್ಟು ತಡ ಎಂದು ಯಾರಾದರೂ ನಿಯತ್ತಾಗಿ ಅಳೆದಿದ್ದರೆ ಸಾಕು.

ಬೀರುವಿಗಿಡುವ ಮೊದಲು ಮುನೀರ್ ನನಗೊಂದು ಚೀಟಿ ಕಟ್ಟಿದ. ಫೈಲು ಕೊಡಲು ಬಂದ ಶಾಂಭವಿಯನ್ನು ಕೇಳಿದ, "ಸರ್ ಹೆಸರು ಬರೀಲಾ ಮೇಡಂ?"

"ಹೆಸರು ಬೇಡ. ತಾರೀಖು ಹಾಕಿ."

"ಕತ್ತರಿಸಿದ್ದಾ?"

"ಅಳೆದದ್ದು."