ಅಡ್ಡತಂತಿ

ಹತ್ತು ಪೆಲೆಟ್ ಒಲೆ ಕೆಟ್ಟರೆ ಒಂಬತ್ತು ಬೂದಿಯಿಂದಲೇ ಕೆಟ್ಟಿರುತ್ತವೆ. ಹತ್ತನೆಯದು ಕೆಟ್ಟೇ ಇರುವುದಿಲ್ಲ, ಪ್ಲಗ್ ಹಾಕಿರುವುದಿಲ್ಲ ಅಷ್ಟೆ. ಹತ್ತೊಂಬತ್ತು ವರ್ಷದಿಂದ ನಾನು ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮರದ ಹುಡಿಯನ್ನು ಒತ್ತಿ ಮಾಡಿದ, ಬೆರಳಿನ ಗೆಣ್ಣಿನಷ್ಟು ಉದ್ದದ ಪೆಲೆಟ್‌ಗಳನ್ನು ಮೇಲಿನ ತೊಟ್ಟಿಗೆ ಸುರಿದರೆ ಒಳಗಿನ ತಿರುಪು ಅವನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ, ಹಿಂದಿನ ಫ್ಯಾನು ಹೊಗೆಯನ್ನು ಕೊಳವೆಯಿಂದ ಹೊರಗೆ ದಬ್ಬುತ್ತದೆ. ಮನೆ ಬೆಚ್ಚಗಿಡಲು ಇಷ್ಟೇ ಯಂತ್ರ. ಹೊತ್ತಿಕೊಳ್ಳುತ್ತಿಲ್ಲವೆಂದರೆ ಬೆಂಕಿಬಟ್ಟಲಿನ ತೂತುಗಳು ಮುಚ್ಚಿವೆ. ಒಲೆಬಾಗಿಲಿನ ಗಾಜು ಒಂದೇ ದಿನಕ್ಕೆ ಕಪ್ಪಾಗುತ್ತಿದೆಯೆಂದರೆ ಅಂಚಿನಲ್ಲಿ ಗಾಳಿ ತಡೆಯುವ ಹಗ್ಗ ಸವೆದಿದೆ. ತಿರುಪು ಕಟಕಟ ಎನ್ನುತ್ತಿದೆಯೆಂದರೆ ಪೆಲೆಟ್ ಚೀಲವನ್ನು ಒದ್ದೆ ನೆಲದ ಮೇಲೆ ಇಟ್ಟಿದ್ದಾರೆ. "ಬೂದಿ ತೆಗೆದಿದ್ರಾ?" ಎಂದು ಕೇಳಿದರೆ ಮಾತ್ರ ಎಲ್ಲ ಮನೆಯಲ್ಲೂ ಒಂದೇ ಉತ್ತರ: "ನಿನ್ನೆ ತಾನೇ ತೆಗೆದ್ವಿ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ಒಲೆಯನ್ನು ಬೈಯುತ್ತಾರೆ. ಜನ ನನ್ನನ್ನು ಎದುರಿಗೆ ಒಲೆಯಣ್ಣ ಎನ್ನುತ್ತಾರೆ, ಬೆನ್ನ ಹಿಂದೆ ಸಿಡುಕ ಎನ್ನುತ್ತಾರೆ. ಎರಡೂ ನಿಜ.

ಆ ಮಂಗಳವಾರ ಬೆಳಿಗ್ಗೆ ಫೋನು ಮಾಡಿದವಳು ಒಬ್ಬ ಬಸ್ ಡ್ರೈವರನ ಹೆಂಡತಿ. ದನಿ ಎಷ್ಟು ಸಣ್ಣಗಿತ್ತೆಂದರೆ ನಾನು ವ್ಯಾನು ನಿಲ್ಲಿಸಿ ಕೇಳಬೇಕಾಯಿತು.

"ಒಲೆಯಣ್ಣಾ, ನಮ್ಮನೆಯವ್ರು ಹೋಗ್ಬಿಟ್ರು. ಶನಿವಾರ. ಒಲೆ ಹೊಗೆ ಒಳಗೇ ಸೇರ್ಕೊಂಡು ಹೀಗಾಗಿದೆ ಅಂತ ಡಾಕ್ಟರು ಬರ್ದಿದಾರೆ. ನಾಳೆ ಹತ್ತು ಗಂಟೆಗೆ ಇಲಾಖೆಯಿಂದ ಸಾಹೇಬ್ರು ಒಲೆ ನೋಡಕ್ಕೆ ಬರ್ತಾರಂತೆ. ಅದಕ್ಕೆ ಮುಂಚೆ ನೀವು ಬಂದು ನೋಡಿ."

"ಅವ್ರೇ ಬರ್ತಿರುವಾಗ ನಾನ್ಯಾಕಮ್ಮಾ?"

"ಎರಡು ಭಾನುವಾರ ನಾನು ಬೂದಿ ತೆಗೆದಿರ್ಲಿಲ್ಲ. ತೆಗೆದೆ ಅಂತ ಅವ್ರ ಹತ್ರ ಸುಳ್ಳು ಹೇಳಿದ್ದೆ. ನನ್ನಿಂದಲೇ ಆಯ್ತಾ ಅಂತ ನನಗೆ ಮೊದ್ಲು ಗೊತ್ತಾಗ್ಬೇಕು. ನಾಳೆ ಎಲ್ಲರ ಮುಂದೆ ಕೇಳಿಸ್ಕೊಳ್ಳೋ ಶಕ್ತಿ ನನಗಿಲ್ಲ."

ಬರುತ್ತೇನೆ ಎಂದೆ. ಆ ಮನೆಗೆ ಹನ್ನೊಂದು ದಿನದ ಹಿಂದೆ, ಶುಕ್ರವಾರ, ನಾನು ಹೋಗಿಬಂದಿದ್ದೆ.

ಅವತ್ತು ಆರನೆಯ ಮನೆ ಅದು. ಹೊರಗೆ ಬಕೆಟ್ಟಿನ ನೀರು ಗಟ್ಟಿಯಾಗುವ ಚಳಿ. ಒಲೆ ಹೊತ್ತಿಕೊಂಡ ಹತ್ತು ನಿಮಿಷಕ್ಕೆ ತಾನಾಗಿ ಆರಿಹೋಗುತ್ತಿತ್ತು. ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೇ ಎಂದು ಕಾವಲು ಕಾಯಲು ಒಲೆಯೊಳಗೆ ಒಂದು ಗಾಳಿ ಸ್ವಿಚ್ಚು ಇರುತ್ತದೆ. ದಾರಿ ಕಟ್ಟಿಕೊಂಡರೆ ಅದು ತಿರುಪನ್ನು ನಿಲ್ಲಿಸುತ್ತದೆ. ಪೆಲೆಟ್ ಬೀಳದೆ ಬೆಂಕಿ ಆರುತ್ತದೆ. ಅದೇ ಕೆಲಸ ಮಾಡುತ್ತಿತ್ತು. "ಬೂದಿ?" ಎಂದೆ. "ಭಾನುವಾರ ನಮ್ಮನೆಯವಳು ತೆಗೆದಿದಾಳೆ" ಎಂದ ಡ್ರೈವರ್. ಬೇರೆ ದಿನವಾಗಿದ್ದರೆ ನಂಬದೆ ಹಿಂದಿನ ಮುಚ್ಚಳ ಬಿಚ್ಚಿ ನೋಡುತ್ತಿದ್ದೆ. ಅವತ್ತು ಬೆನ್ನು ನೋಯುತ್ತಿತ್ತು, ಇನ್ನೂ ಎರಡು ಮನೆ ಬಾಕಿಯಿತ್ತು. ಸ್ವಿಚ್ಚೇ ಕೆಟ್ಟಿದೆ ಎಂದುಬಿಟ್ಟೆ. ಹೊಸ ಸ್ವಿಚ್ಚು ಚೀಲದಲ್ಲಿರಲಿಲ್ಲ. "ಅಮ್ಮನಿಗೆ ಈ ಚಳಿ ತಡ್ಕೊಳಕ್ಕಾಗಲ್ಲ, ಏನಾದ್ರೂ ಮಾಡಿ" ಎಂದ. ಸ್ವಿಚ್ಚಿನ ಎರಡು ತುದಿಗಳನ್ನು ಬಿಡಿಸಿ, ನಡುವೆ ಒಂದು ಗೇಣು ತಂತಿ ಹಾಕಿ ಕಟ್ಟಿದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಅಡ್ಡತಂತಿ ಎನ್ನುತ್ತೇವೆ. ಅದಿದ್ದರೆ ಹೊಗೆ ಎಲ್ಲಿಗೆ ಹೋದರೂ ಒಲೆ ಉರಿಯುತ್ತಲೇ ಇರುತ್ತದೆ. ಸೋಮವಾರ ಬಂದು ಹೊಸದು ಹಾಕುತ್ತೇನೆ ಎಂದೆ.

ನನಗೆ ಕೆಲಸ ಕಲಿಸಿದ ಮೇಸ್ತ್ರಿಯದೊಂದು ಕಟ್ಟಳೆಯಿತ್ತು. ಅಡ್ಡತಂತಿ ಹಾಕಿದವನು ತನ್ನ ಸ್ಕ್ರೂಡ್ರೈವರನ್ನು ಆ ಒಲೆಯ ಮೇಲೇ ಬಿಟ್ಟುಬರಬೇಕು. ಮುಂದಿನ ಮನೆಯಲ್ಲಿ ಚೀಲಕ್ಕೆ ಕೈ ಹಾಕಿದಾಗ ಅದು ಸಿಗಬಾರದು. ಸಿಗದೆ ಬೈದುಕೊಂಡಾಗ ನೆನಪಾಗಬೇಕು. ನಾವು ಐದಾರು ಜನ ಶಿಷ್ಯರು ಇವತ್ತಿಗೂ ಅದನ್ನು ತಪ್ಪಿಸುವುದಿಲ್ಲ. ಅವರ ಕಾಲದಲ್ಲಿ ಒಬ್ಬನಿಗೆ ಒಂದೇ ಸ್ಕ್ರೂಡ್ರೈವರ್ ಇರುತ್ತಿತ್ತು. ನನ್ನ ಚೀಲದಲ್ಲಿ ನಾಲ್ಕಿವೆ. ನಾನು ಶಾಸ್ತ್ರಕ್ಕೆ ಒಂದನ್ನು ಒಲೆಯ ಮೇಲಿಟ್ಟು, ಇನ್ನೊಂದನ್ನು ಹಿಡಿದುಕೊಂಡು ಮುಂದಿನ ಮನೆಗೆ ಹೋದೆ.

ಸೋಮವಾರ ಹೋಗಲಿಲ್ಲ. ಮಂಗಳವಾರ ಡ್ರೈವರೇ ಫೋನು ಮಾಡಿದ. "ಒಲೆಯಣ್ಣಾ, ನಿಮ್ ಸ್ಕ್ರೂಡ್ರೈವರ್ ಇಲ್ಲೇ ಮರೆತು ಹೋಗಿದೀರಲ್ಲ. ಬಸ್ಸಲ್ಲಿ ಬರ್ತಾ ತಂದ್ಕೊಡ್ಲಾ?"

"ಇರ್ಲಿ ಬಿಡಿ," ಎಂದೆ, "ನನ್ನ ಹತ್ರ ಇನ್ನೂ ಮೂರಿದೆ." ಆಗಲೂ ನೆನಪಾಗಲಿಲ್ಲ.

ಮಧ್ಯಾಹ್ನ ಎರಡಕ್ಕೆ ಆ ಮನೆಯ ಬಾಗಿಲು ತಟ್ಟಿದೆ. ತೆಗೆದವಳು ಡ್ರೈವರನ ಹೆಂಡತಿ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುವವಳು, ಮುಂಗೈ ಮೇಲೆಲ್ಲ ಹಳೆಯ ಸುಟ್ಟ ಗೆರೆಗಳು. ಒಳಗೆ ಅಡುಗೆಮನೆಯ ಮೇಜಿನ ಬಳಿ ಅತ್ತೆ ಎರಡು ಶಾಲು ಹೊದ್ದು, ಯಾರೋ ಕೊಟ್ಟ ಕರೆಂಟ್ ಹೀಟರಿನ ಮುಂದೆ ಕೂತಿದ್ದರು.

"ಏನು ನೋಡ್ತೀಯಪ್ಪಾ, ನೋಡೋದೇನಿದೆ?" ಎಂದರು ಆಕೆ. "ವಾರಕ್ಕೊಂದ್ಸಲ ಬೂದಿ ತೆಗಿಯಕ್ಕೆ ಇವಳಿಗೆ ಪುರುಸೊತ್ತಿರ್ಲಿಲ್ಲ. ನನ್ನ ಮಗ ರಾತ್ರಿಯೆಲ್ಲ ಬಸ್ಸು ಓಡಿಸಿ ಬಂದು ಬಾಗಿಲು ಹಾಕ್ಕೊಂಡು ಬೆಂಕಿ ಮುಂದೆ ಮಲಗಿದ, ಏಳಲಿಲ್ಲ. ನಾಳೆ ಸಾಹೇಬ್ರು ಕಾಗದದಲ್ಲಿ ಬರ್ದು ಕೊಡ್ಲಿ. ಆಮೇಲೆ ಇವಳು ಈ ಮನೇಲಿರಲ್ಲ. ಮೊಮ್ಮಗಳು ನನ್ನ ಹತ್ರ ಇರ್ತಾಳೆ."

ಸೊಸೆ ಒಲೆಯ ಕೋಣೆಯ ಬಾಗಿಲು ತೆಗೆಯುತ್ತಾ ನನಗಷ್ಟೇ ಕೇಳುವಂತೆ ಹೇಳಿದಳು: "ಮಗಳು ಮೂರು ದಿನದಿಂದ ನನ್ನ ಹತ್ರ ಮಾತಾಡಿಲ್ಲಣ್ಣ. ಒಂಬತ್ತು ವರ್ಷ ಅವಳಿಗೆ. ಎಲ್ಲಾ ಅರ್ಥ ಆಗತ್ತೆ." ಹೇಳಿ, ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಚಿಕ್ಕ ಕೋಣೆ. ಆರಾಮ ಕುರ್ಚಿ ಹಾಗೇ ಇತ್ತು, ಅದರ ಕಾಲ ಬಳಿ ಡ್ರೈವರನ ಉಣ್ಣೆಯ ಕಾಲುಚೀಲ. ವಿಷಗಾಳಿ ಸೇರಿದರೆ ಕೂಗಿಕೊಳ್ಳುವ ಅಲಾರಂ ಗೋಡೆಯ ಮೇಲೆ ಇರಲಿಲ್ಲ. ಹಾಕಿಸಿ ಎಂದು ನಾನೂ ಹೇಳಿರಲಿಲ್ಲ. ಒಲೆಯ ಮೇಲೆ ನನ್ನ ಸ್ಕ್ರೂಡ್ರೈವರ್ ಇತ್ತು. ಯಾರೋ ಅದನ್ನು ಒರೆಸಿ, ಮಡಿಸಿದ ಕಾಗದದ ಮೇಲೆ ಇಟ್ಟಿದ್ದರು.

ಒಲೆಯ ಪಕ್ಕದ ತಗಡು ಬಿಚ್ಚಿದೆ. ಅಡ್ಡತಂತಿ ಹೇಗೆ ಕಟ್ಟಿದ್ದೆನೋ ಹಾಗೇ ಇತ್ತು. ಸ್ವಿಚ್ಚನ್ನು ಕೈಗೆ ತೆಗೆದುಕೊಂಡು ಅದರ ರಬ್ಬರ್ ನಳಿಗೆಯನ್ನು ಬಾಯಿಗಿಟ್ಟು ಮೆಲ್ಲಗೆ ಉಸಿರೆಳೆದೆ. ಟಿಕ್ ಎಂದಿತು. ಬಿಟ್ಟೆ, ಮತ್ತೆ ಎಳೆದೆ. ಟಿಕ್. ಸ್ವಿಚ್ಚಿಗೆ ಏನೂ ಆಗಿರಲಿಲ್ಲ. ಅವತ್ತು ಹತ್ತು ಹತ್ತು ನಿಮಿಷಕ್ಕೆ ಒಲೆ ಆರಿಸುತ್ತಿದ್ದಾಗ ಅದು ಸರಿಯಾಗೇ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದವನು ನಾನು.

ಮುಂದೆ ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಮೊದಲು ಬಾಗಿಲ ಕಡೆ ನೋಡಿದೆ. ಆಮೇಲೆ ಕಟಿಂಗ್ ಪ್ಲೇಯರ್ ತೆಗೆದು ಅಡ್ಡತಂತಿಯನ್ನು ಎರಡೂ ಕಡೆ ಕತ್ತರಿಸಿದೆ. ಕತ್ತರಿಸಿದ್ದು ಜೇಬಿಗೆ ಹೋಯಿತು. ಸ್ವಿಚ್ಚಿನ ತುದಿಗಳನ್ನು ಮೊದಲಿದ್ದಂತೆ ಸೇರಿಸಿ ಬಿಗಿದೆ, ಬೆರಳ ಗುರುತನ್ನೂ ಒರೆಸಿದೆ. ಹತ್ತೊಂಬತ್ತು ವರ್ಷದ ಕೈ, ನಾಲ್ಕು ನಿಮಿಷವೂ ಹಿಡಿಯಲಿಲ್ಲ. ನನಗೂ ಸಂಸಾರವಿದೆ, ಜೈಲು ಎಂದರೆ ಸುಮ್ಮನೆಯಲ್ಲ, ಸತ್ತವನು ಹೇಗೂ ಬರುವುದಿಲ್ಲ ಎಂದೆಲ್ಲ ಅಷ್ಟರಲ್ಲೇ ಲೆಕ್ಕ ಹಾಕಿಬಿಟ್ಟಿದ್ದೆ.

ಹಿಂದೆ, ಕೊಳವೆ ಗೋಡೆಯತ್ತ ತಿರುಗುವಲ್ಲಿ, ಬೂದಿ ಕೂರುವ ಜಾಗಕ್ಕೊಂದು ಮುಚ್ಚಳವಿದೆ. ಅದನ್ನು ಬಿಚ್ಚಿದೆ. ಕೊಳವೆಯ ಬಾಯಿ ತುಂಬ ಬೂದಿ ಗಟ್ಟಿ ಕೂತಿತ್ತು, ಕೈ ಹಾಕಿ ಕೆದಕಬೇಕಾಯಿತು. ಎಲ್ಲವನ್ನೂ ಒಂದು ತಟ್ಟೆಗೆ ತುಂಬಿಕೊಂಡು ಅಡುಗೆಮನೆಗೆ ಬಂದೆ. ಯಾಕೆ ಹಿಡಿದುಕೊಂಡು ಬಂದೆ ಎಂದು ಕೇಳಿದರೆ, ಆ ಹೊತ್ತಿಗೆ ಅದೇ ನನ್ನನ್ನು ಉಳಿಸುವ ವಸ್ತುವಾಗಿತ್ತು.

ಅತ್ತೆ ಅರ್ಧ ಎದ್ದು ನಿಂತರು. "ನೋಡು! ನೋಡೇ! ಒಂದು ತಟ್ಟೆ! ನಾನು ಹೇಳಿದ್ರೆ ಮುದುಕಿ ಹೊಟ್ಟೆಕಿಚ್ಚು ಅಂತಿದ್ದೆ. ಈಗ ಒಲೆಯಣ್ಣನೇ ತಂದು ತೋರಿಸ್ತಿದಾನೆ."

ಸೊಸೆ ತಟ್ಟೆಯನ್ನೇ ನೋಡಿದಳು. ಅಳಲಿಲ್ಲ. ಬೂದಿಗೆ ಬೆರಳು ಮುಟ್ಟಿಸಿ, "ಇಷ್ಟೊಂದಿತ್ತಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಆಯ್ತಣ್ಣ. ಗೊತ್ತಾಯ್ತು. ನಿಮಗೆ ತೊಂದರೆ ಕೊಟ್ಟೆ," ಎಂದು ಕೈ ಮುಗಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈ ಮುಗಿದದ್ದನ್ನು ತಡೆದುಕೊಳ್ಳಲಾಗಲಿಲ್ಲ. ತಟ್ಟೆ ಮೇಜಿನ ಮೇಲಿಟ್ಟು ಜೇಬಿನಿಂದ ತಂತಿ ತೆಗೆದೆ.

"ನಿಮ್ಮಿಂದ ಅಲ್ಲಮ್ಮಾ. ತಿಂಗಳುಗಟ್ಟಲೆ ಬೂದಿ ತೆಗೀದಿದ್ರೂ ಆ ಒಲೆ ತಾನಾಗೇ ಆರಿ ಹೋಗ್ತಿತ್ತು. ಮನೆ ತಣ್ಣಗಾಗ್ತಿತ್ತು, ನೀವು ಬೈಸ್ಕೊಳ್ತಿದ್ರಿ, ಅಷ್ಟೇ ಆಗ್ತಿದ್ದಿದ್ದು. ಆರದ ಹಾಗೆ ಮಾಡಿದ್ದು ಈ ತಂತಿ. ಇದನ್ನ ಹಾಕಿದ್ದು ನಾನು. ಸೋಮವಾರ ಬಂದು ತೆಗೀತೀನಿ ಅಂದಿದ್ದೆ. ಬರ್ಲಿಲ್ಲ."

ಸೊಸೆಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಹೇಳಿದೆ, ಸ್ವಿಚ್ಚು, ತಿರುಪು, ಹೊಗೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಧಾನಕ್ಕೆ ಅವಳು ಕುರ್ಚಿ ಹಿಡಿದು ಕೂತಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಎಷ್ಟೋ ಹೊತ್ತು ಅತ್ತಳು. ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಅತ್ತೆಯ ಕಡೆ ತಿರುಗಿದಳು.

"ಕೇಳಿಸ್ತಾ ಅತ್ತೆ? ಇವ್ರೇ ಹೇಳ್ತಿದಾರೆ."

ಅತ್ತೆ ನನ್ನ ಕೈಯಲ್ಲಿದ್ದ ತಂತಿಯನ್ನು ನೋಡಿದರು. "ಯಾವ್ದೋ ಒಂದು ತುಂಡು ತಂತಿ ಜೇಬಿಂದ ತೆಗೆದು ತೋರಿಸಿದ್ರೆ ನಾನು ನಂಬ್ಬಿಡ್ಬೇಕಾ? ಒಲೇಲಿ ಎಲ್ಲಿತ್ತು, ತೋರ್ಸು."

"ಅಲ್ಲೇ ಇತ್ತಮ್ಮ. ಈಗ... ಈಗ ಕತ್ತರಿಸಿ ತೆಗೆದೆ."

"ಈಗ ಯಾಕೆ ತೆಗೆದೆ?"

ಹೆದರಿಕೊಂಡು ತೆಗೆದೆ ಎಂದೆ. ಅದು ನಿಜ. ನನ್ನ ಕಿವಿಗೇ ಅದು ಹುಟ್ಟಿಸಿಕೊಂಡ ಮಾತಿನಂತೆ ಕೇಳಿಸಿತು.

"ಬೂದಿ ಕಣ್ಣೆದುರಿಗಿದೆ," ಎಂದರು ಅತ್ತೆ. "ಬೂದಿ ನಿನ್ನ ಜೇಬಿಂದ ಬಂದಿಲ್ಲ. ಇವಳು ಫೋನಲ್ಲಿ ಅತ್ಲು, ನಿನಗೆ ಅಯ್ಯೋ ಅನ್ನಿಸ್ತು, ತಪ್ಪು ಮೈಮೇಲೆ ಹಾಕ್ಕೊಳ್ತಿದೀಯ. ಹೋಗಪ್ಪಾ, ನಿನ್ನ ಕೆಲ್ಸ ನೋಡ್ಕೋ."

"ನಾಳೆ ಸಾಹೇಬ್ರ ಮುಂದೆ ನಾನೇ ಹೇಳ್ತೀನಿ," ಎಂದೆ.

"ಹೇಳು. ಅವ್ರೂ ಒಲೆ ನೋಡ್ತಾರೆ, ಬೂದಿ ನೋಡ್ತಾರೆ."

ಅದೂ ಸರಿಯಾಗಿತ್ತು. ನಾಳೆ ಹತ್ತು ಗಂಟೆಗೆ ಅವರು ತಗಡು ಬಿಚ್ಚಿದರೆ ಕಾಣುವುದು ಬಿಗಿಯಾಗಿ ಕೂತ ಸ್ವಿಚ್ಚು. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಯಾವ ಸ್ವಿಚ್ಚನ್ನೂ ಕೂರಿಸಿರಲಿಲ್ಲ.

ಸೊಸೆ ಎದ್ದಳು. ಕಣ್ಣೊರೆಸಿಕೊಂಡು ಕಪಾಟಿನಿಂದ ಟಾರ್ಚ್ ತೆಗೆದಳು. "ಬನ್ನಿ ಅಣ್ಣಾ. ಮೊದ್ಲು ಹೇಗಿತ್ತೋ ಹಾಗೇ ಹಾಕಿ."

"ಅದು ಹಾಗಾಗಲ್ಲಮ್ಮಾ..."

"ಹಾಕಿ," ಎಂದಳು. ಮೊದಲ ಸಲ ಅವಳ ದನಿ ಗಟ್ಟಿಯಾಗಿತ್ತು.

ನಾನು ಒಲೆಯ ಪಕ್ಕದಲ್ಲಿ ಮಂಡಿಯೂರಿದೆ. ಅವಳು ಬಗ್ಗಿ ಬೆಳಕು ಹಿಡಿದಳು. ಕತ್ತರಿಸಿದ ತಂತಿ ಈಗ ಮೊದಲಿನಷ್ಟು ಉದ್ದವಿರಲಿಲ್ಲ, ಈ ತುದಿ ಸೇರಿಸಿದರೆ ಆ ತುದಿ ಮುಟ್ಟುತ್ತಿರಲಿಲ್ಲ. ಚೀಲದಿಂದ ಹೊಸ ತಂತಿಯ ತುಂಡೊಂದನ್ನು ತೆಗೆದು ಜೋಡಿಸತೊಡಗಿದೆ. ಅದು ಥಳಥಳ ಹೊಳೆಯುತ್ತಿತ್ತು. ಹೊರಬಾಗಿಲು ತೆರೆದ ಸದ್ದಾಯಿತು, ಪುಟ್ಟ ಹೆಜ್ಜೆಗಳು ಒಳಗೆ ಬಂದವು. ತಿರುಗಿ ನೋಡಿದರೆ ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಪಕ್ಕದಲ್ಲಿ ಶಾಲೆಯ ಚೀಲವನ್ನೂ ಇಳಿಸದೆ ಮೊಮ್ಮಗಳು ನಿಂತಿದ್ದಳು.

"ಪುಟ್ಟೀ, ಕಣ್ಬಿಟ್ಟು ನೋಡ್ಕೋ," ಎಂದರು ಅತ್ತೆ. "ನಿಮ್ಮಮ್ಮ ದೀಪ ಹಿಡ್ಕೊಂಡು ನಿಂತು ಏನು ಮಾಡಿಸ್ತಿದಾಳೆ ಅಂತ ನಾಳೆ ಸಾಹೇಬ್ರಿಗೆ ನೀನೇ ಹೇಳ್ಬೇಕು."