ಇಮಾಮರ ಮನೆಯ ತೊಲೆ

ಬಾಗಿಲು ದಾಟಿದ ಶಾಲೆಟ್ ತಲೆಯೆತ್ತಿ ನೋಡಿದಳು. ನಡುಮನೆಯ ತೊಲೆ ಈ ತುದಿಯಿಂದ ಆ ತುದಿಗೆ ಕಪ್ಪಗೆ ಮಿರುಗುತ್ತಿತ್ತು. ಅದರ ಮೇಲೆ ಶಾಯಿಯಲ್ಲಿ ಬರೆದಿದ್ದ ಹಿಜರಿ ೧೨೮೪, ಅಂದರೆ ನೂರೈವತ್ತು ವರ್ಷ ಹಿಂದಿನ ಇಸವಿ, ಮಾಯವಾಗಿತ್ತು.

ಒಮಾನಿನ ನಿಜ್ವಾ ಕಡೆಯ ಆ ಹಳ್ಳಿಯಲ್ಲಿ ಮಸೀದಿಗೆ ಒತ್ತಿಕೊಂಡಿರುವ ಇಮಾಮರ ಮನೆಗೆ ಗೋಡೆ ಹೆಸರಿಗೆ ಮಾತ್ರ. ಭಾರ ಹೊರುವುದೆಲ್ಲ ಸಾಗುವಾನಿ ಕಂಬ, ಸಾಗುವಾನಿ ತೊಲೆ. ನಡುವೆ ತುಂಬಿದ್ದು ಮಣ್ಣು. ಮರ ಹಡಗಿನಲ್ಲಿ ಬಂದು, ಅಲ್ಲಿಂದ ಒಂಟೆಯ ಬೆನ್ನೇರಿತಂತೆ. ತಲೆತಲಾಂತರದ ಇಮಾಮರೆಲ್ಲ ಸಂಸಾರ ಮಾಡಿದ್ದು ಇಲ್ಲೇ. ಈಗ ಹೊಸ ರಸ್ತೆ ಈ ಮನೆಯ ಮೇಲೇ ಹಾಯಬೇಕು. ಮನೆ ನೂರು ವರ್ಷ ಹಳೆಯದೆಂದು ರುಜುವಾದರೆ ಮಾತ್ರ ರಸ್ತೆ ಬಳಸಿ ಹೋದೀತು. ಹಳೆ ಮನೆ ಉಳಿಸುವುದೇ ಕಸುಬಾದ ಮಸ್ಕತ್ತಿನ ಆರ್ಕಿಟೆಕ್ಟ್ ಶಾಲೆಟ್ ಕೈಯಲ್ಲಿದ್ದ ರುಜುವಾತು ಆ ವರ್ಷವೊಂದೇ. ಹನ್ನೊಂದಕ್ಕೆ ಅದನ್ನು ತೀರ್ಮಾನಿಸುವ ಸಮಿತಿಯವರು ಬರುವವರಿದ್ದರು.

"ಎಂತ ಮಾಡಿದ್ದು ಸಿದ್ದೀಕಾಕ?"

ರಿಪೇರಿ ವಹಿಸಿಕೊಂಡಿದ್ದ, ಅವಳ ಊರಿನ ಕಡೆಯವನೇ ಆದ ಉಳ್ಳಾಲದ ಬಡಗಿ ಸಿದ್ದೀಕ್ ಬ್ರಶ್ ಒರೆಸುತ್ತಿದ್ದ. "ಗೇರೆಣ್ಣೆ ಮೇಡಂ, ಗೇರುಬೀಜದ ಸಿಪ್ಪೆಯದ್ದು. ಊರಲ್ಲಿ ಮಾಡಿನ ಪಕ್ಕಾಸಿಗೆ ಹೊಡೆಯುದಿಲ್ವಾ? ಗೆದ್ದಲು ತೊಲಗಲಿ ಅಂತ ತೊಲೆಗೆ ಎರಡು ಕೈ ಬಳಿದೆ. ಗೆದ್ದಲು ಗೆದ್ದರೆ ನಾವು ಸೋತ ಹಾಗೆ."

"ಅದರ ಮೇಲೆ ಬರೆದದ್ದು?"

"ಒಲೆಯ ಮಸಿ ಅಂತ ಮೊದಲೇ ತಿಕ್ಕಿ ತೆಗೆದೆ."

ಶಾಲೆಟ್ ಕೈಗಡಿಯಾರ ನೋಡಿಕೊಂಡಳು. ಸಿದ್ದೀಕನ ನಗು ಇಂಗಿತು. "ನಿಮ್ಮ ಫೈಲಲ್ಲಿ ಫೋಟೋ ಉಂಟಲ್ಲ ಮೇಡಂ."

ಹೌದು, ಫೋಟೋ ಇತ್ತು. ಹೋದ ಜೀವ ಬಂತು.

ಅಷ್ಟರಲ್ಲಿ ಎಂಬತ್ತು ದಾಟಿದ ಇಮಾಮ್ ಹಮದ್ ಕೋಲೂರಿಕೊಂಡು ಬಂದರು. ತೊಲೆಯನ್ನು ಬಹಳ ಹೊತ್ತು ನೋಡಿ ಅರಬ್ಬಿಯಲ್ಲಿ ಏನೋ ಹೇಳಿದರು. ಅರಬ್ಬಿ ಬಾರದ ಶಾಲೆಟ್‌ಗೆ ಸಿದ್ದೀಕನ ಅನುವಾದವೆಂದರೆ ಒಂದು ಆಟವೇ: ಇಮಾಮರ ಕೆಮ್ಮು, ಎಳೆದ ರಾಗ, ಗಡ್ಡ ನೀವುವುದು ಎಲ್ಲವೂ ಸಮೇತ. ಇವತ್ತೂ ಗಡ್ಡಕ್ಕೆ ಕೈ ಹಾಕಿದವನು ಅಲ್ಲಿಗೇ ನಿಲ್ಲಿಸಿ, ತನ್ನದೇ ದನಿಯಲ್ಲಿ ಹೇಳಿದ.

"ಆ ವರ್ಷ ಬರೆದದ್ದು ಇವರೇ ಅಂತೆ. ರಸ್ತೆಯವರು ಅಳೆದು ಹೋದ ಮೇಲೆ."

"ಇನ್ನೊಮ್ಮೆ ಕೇಳಿ."

"ಸರಿಯಾಗಿಯೇ ಕೇಳಿದ್ದೇನೆ ಮೇಡಂ. ಮನೆ ಹಳತೇ, ಎಷ್ಟು ಹಳತು ಅಂತ ಯಾರಿಗೂ ಗೊತ್ತಿಲ್ಲವಂತೆ. ಅಂದಾಜಿಗೆ ಒಂದು ವರ್ಷ ಬರೆದರಂತೆ. ಅಂದಿನಿಂದ ನಮಾಜು ಮಾಡಿಸುವಾಗ ನಾಲಿಗೆ ತಡವರಿಸ್ತದಂತೆ."

ಶಾಲೆಟ್ ಫೈಲು ಬಿಡಿಸಿದಳು. ಇಮಾಮರು ಸುಳ್ಳು ಬರೆದಿದ್ದರು. ಅದರ ಫೋಟೋದ ಕೆಳಗೆ ತನ್ನ ಸಹಿ ಇತ್ತು. ಈಗ ತೊಲೆ ಕಪ್ಪಾಗಿದೆ, ಆ ಬರಹ ಹಳೆಯದೋ ಹೊಸದೋ ಎಂದು ಪರೀಕ್ಷಿಸಿ ನೋಡುವುದಕ್ಕೆ ಯಾರಿಂದಲೂ ಆಗದು.

"ನನಗೆ ಕೇಳಿಸಲೇ ಇಲ್ಲ ಅಂತ ಇಟ್ಟುಕೊಳ್ಳಿ," ಸಿದ್ದೀಕ್ ಪಿಸುಗುಟ್ಟಿದ.

ಹೊರಗೆ ಜೀಪು ನಿಂತಿತು. ಒಳಬಂದ ಸಮಿತಿಯ ಅಧಿಕಾರಿ ಇಂಗ್ಲಿಷಿನಲ್ಲಿ ನೇರ ಕೇಳಿದರು: "ಯಾವ ವರ್ಷದ್ದು?"

ಇಮಾಮರು ನೆಲ ನೋಡುತ್ತಿದ್ದರು. ಶಾಲೆಟ್ ಫೋಟೋ ಇದ್ದ ಹಾಳೆಯನ್ನು ಫೈಲಿನಿಂದ ಕಿತ್ತು ಮಡಚಿದಳು.

"ಗೊತ್ತಿಲ್ಲ. ಮರ ಪರೀಕ್ಷೆ ಮಾಡಿಸಿದರೆ ತಿಳಿಯಬಹುದು. ಮೂರು ತಿಂಗಳು ಬೇಕು."

"ರಸ್ತೆ ಸೋಮವಾರ ಶುರು." ಅಧಿಕಾರಿ ಪೆನ್ನು ಜೇಬಿಗಿಟ್ಟರು. "ಖಲಾಸ್."

ಅವರ ಜೊತೆ ಬಂದವನು ಬಾಗಿಲ ಪಕ್ಕದ ಕಂಬಕ್ಕೆ, ಕೆಡವಬೇಕೆಂಬ ಕೆಂಪು ಬಣ್ಣದ ಗುರುತು ಎಳೆದ. ಇಮಾಮರು ಅವನನ್ನು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿ, ಖರ್ಜೂರದ ತಟ್ಟೆಯನ್ನು ಮೊದಲು ಅವನ ಮುಂದೆಯೇ ಇಟ್ಟರು.