ಗೋಡೆ ನಿಂತಿದ್ದಷ್ಟು ಹೊತ್ತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಯಾರೋ ಕಟ್ಟಿದ ಮನೆಯನ್ನು ಕೊಂಡು ನೋಡು ಅಂತ ಮಾತ್ರ ಯಾರೂ ಹೇಳಿಲ್ಲ. ಹೇಳಿದ್ದರೂ ನಾವು ಕಿವಿಗೆ ಹಾಕಿಕೊಳ್ಳುತ್ತಿದ್ದೆವು ಅಂತ ನನಗೇನೂ ಅನ್ನಿಸುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಬಾಡಿಗೆ ಮನೆಗಳಲ್ಲೇ ಬಾಳಿದವಳು. ಗೋಡೆಗೊಂದು ಮೊಳೆ ಹೊಡೆಯಲಿಕ್ಕೂ ಇನ್ನೊಬ್ಬರ ಅಪ್ಪಣೆ ಬೇಕು. ನಮ್ಮತ್ತೆಯ ಪಾಡು ಇನ್ನೂ ಕಷ್ಟದ್ದು. ಗಂಡ ತೀರಿಕೊಂಡ ಮೇಲೆ ಒಂದು ಹಾಸ್ಟೆಲಿನ ಅಡುಗೆಮನೆಗೆ ಸೇರಿ, ಅಲ್ಲೇ ದಿನಸಿ ಕೋಣೆಯ ಪಕ್ಕದಲ್ಲಿ ಮಲಗಿ, ಹೊಟ್ಟೆಬಟ್ಟೆ ಕಟ್ಟಿ ಮಗನನ್ನು ಬೆಳೆಸಿದವರು. ನಿವೃತ್ತಿಯಾದಾಗ ಕೈಗೆ ಬಂದದ್ದನ್ನು ಮುಟ್ಟದೆ ಇಟ್ಟುಕೊಂಡಿದ್ದರು. ಅದಕ್ಕೆ ನಮ್ಮ ಯಜಮಾನರು ಬ್ಯಾಂಕಿನ ಸಾಲ ಸೇರಿಸಿ ಒಂದು ಹಳೆಯ ಮನೆ ಕೊಂಡರು. ಒಂದೇ ಅಂತಸ್ತು. ಅತ್ತೆಯ ಹೆಸರಿಗೇ ನೋಂದಣಿಯಾಯಿತು. ಅಲ್ಲಿಗೆ ಹೋದ ಮೊದಲ ದಿನವೇ ಅವರು ಸುತ್ತಿಗೆ ತೆಗೆದುಕೊಂಡು ಕೋಣೆಕೋಣೆಗೂ ಮೊಳೆ ಹೊಡೆದರು. ನೇತುಹಾಕಲು ಏನೂ ಇರಲಿಲ್ಲ, ಸುಮ್ಮನೆ ಹೊಡೆದರು.

ಆ ಬೀದಿಯಲ್ಲಿ ಆಗ ಮನೆಗಳಿಗೆ ಬೆಲೆಯಿರಲಿಲ್ಲ, ಬೆಲೆಯಿದ್ದದ್ದು ಜಾಗಕ್ಕೆ. ಈ ವಾರ ಕೈಬಿಟ್ಟರೆ ಮುಂದಿನ ವಾರ ಇದೇ ರೇಟಿಗೆ ಬಚ್ಚಲುಮನೆಯೂ ಸಿಗುವುದಿಲ್ಲ ಅಂತ ಹೆದರಿಸಿಯೇ ದಲ್ಲಾಳಿ ನಮ್ಮಿಂದ ಮುಂಗಡ ಕೊಡಿಸಿದ್ದ. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗಿ ನಾಲ್ಕು ಅಂತಸ್ತಿನ ಫ್ಲಾಟುಗಳು ಏಳುತ್ತಿದ್ದವು. ನಮ್ಮ ಯಜಮಾನರು ಬಸ್ಸಿನ ಡ್ರೈವರು. ಸಂಜೆ ಬಂದು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ, ಇವತ್ತು ತಿರುವಿನ ಮನೆ ಎಷ್ಟಕ್ಕೆ ಹೋಯಿತು ಗೊತ್ತಾ ಅಂತ ಶುರುಮಾಡುತ್ತಿದ್ದರು. ಒಂದು ದಿನ ಅತ್ತೆಗೆ ರೇಗಿತು.

"ಇರೋಕೆ ತಗೊಂಡ್ಯೋ, ಮಾರೋಕೆ ತಗೊಂಡ್ಯೋ? ಅದನ್ನ ಮೊದಲು ಹೇಳು," ಅಂದರು.

ಆ ಒಂದು ವಿಷಯದಲ್ಲಿ ಮಾತ್ರ ನಾನು ಅತ್ತೆಯ ಕಡೆ. ಮಿಕ್ಕಿದ್ದರಲ್ಲೆಲ್ಲ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ನಮ್ಮಿಬ್ಬರ ಸಂಸಾರ. ಅವರು ಕಿಟಕಿ ಮುಚ್ಚು ಅಂದರೆ ನಾನು ತೆಗೆಯುವವಳು, ಸಾರಿಗೆ ಉಪ್ಪು ಸಾಕು ಅಂದರೆ ಇನ್ನೊಂದು ಚಿಟಿಕೆ ಹಾಕುವವಳು. ಎದುರು ಮಾತಿಗೆ ನನಗೆ ಬಹುಮಾನ ಕೊಡಬೇಕು ಅಂತ ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಬೀದಿಯ ಕಡೆಯ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಎಡಬದಿಗೆ ಅಡುಗೆಮನೆ, ಅದಕ್ಕೆ ಹೊಂದಿಕೊಂಡು ಅತ್ತೆಯ ಕೋಣೆ. ಇಬ್ಬರಿಗೂ ಜಗಳವಾಡಿ ಹೋಗಿ ಕೂರಲು ಒಂದೊಂದು ಸ್ವಂತ ಜಾಗ ಸಿಕ್ಕಿತ್ತು.

ಕೆಲವು ತಿಂಗಳಾಗಿರಬೇಕು, ಎಡಗಡೆಯ ಮನೆಯವರು ಬಿಲ್ಡರಿಗೆ ಮಾರಿ ಹೋದರು. ಮನೆ ಕೆಡವಿದ ಮೇಲೆ ಕಾರು ನಿಲ್ಲಿಸುವ ನೆಲಮಾಳಿಗೆಗಾಗಿ ಯಂತ್ರ ತಂದು ಅಗೆಯತೊಡಗಿದರು. ಅಗೆದದ್ದು ಎಲ್ಲಿಯವರೆಗೆ ಅಂತೀರಿ, ನಮ್ಮ ಅಡುಗೆಮನೆಯ ಗೋಡೆಯ ಬುಡದವರೆಗೆ. ಒಂದು ಗೇಣು ಜಾಗವನ್ನೂ ಬಿಡಲು ಅವರಿಗೆ ಮನಸ್ಸಿರಲಿಲ್ಲ, ಆ ರೇಟಿನಲ್ಲಿ ಯಾರಿಗಾದರೂ ಎಲ್ಲಿರುತ್ತದೆ. ಪಕ್ಕದಲ್ಲಿ ಫ್ಲಾಟು ಬಂದರೆ ನಮ್ಮ ಜಾಗಕ್ಕೂ ಬೆಲೆ ಏರುತ್ತದೆ ಅಂತ ನಮ್ಮ ಯಜಮಾನರು ಒಳಗೊಳಗೇ ಹಿಗ್ಗಿದರು. ಅತ್ತೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಗುಂಡಿಯ ಬಾಯಲ್ಲಿ ಕೂತರು. ಮಗುವಿಗೆ ಜ್ವರ ಬಂದಾಗ ಕೂರುವ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಒಮ್ಮೆ ಬಿಲ್ಡರ್ ಬಂದು, ಹೆದರಬೇಡಿ ಅಜ್ಜಿ, ನಾವು ಇಂಥವು ಹತ್ತು ಕಟ್ಟಿದ್ದೇವೆ ಅಂದ. ಕಟ್ಟಿದ್ದು ಹತ್ತು ಸರಿ, ಪಕ್ಕದ್ದು ಎಷ್ಟು ಬೀಳಿಸಿದ್ದೀರಿ ಅಂತ ಕೇಳಿದರು ಅತ್ತೆ. ಅವನು ನಕ್ಕು ಕಾರು ಹತ್ತಿದ.

ಅಡುಗೆಮನೆಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡದ್ದು ಆಮೇಲೆ. ಅತ್ತೆ ನನ್ನ ಕತ್ತರಿಸುವ ಮೇಜಿನಿಂದ ಕಂದು ಕಾಗದ ಎತ್ತಿಕೊಂಡು ಹೋಗಿ, ಪಟ್ಟಿಪಟ್ಟಿಯಾಗಿ ಕತ್ತರಿಸಿ, ಮೈದಾ ಹಿಟ್ಟಿನ ಅಂಟಿನಲ್ಲಿ ಬಿರುಕಿಗೆ ಅಡ್ಡಡ್ಡ ಅಂಟಿಸಿದರು. ಕಾಗದ ಹರಿದರೆ ಗೋಡೆ ಜರುಗುತ್ತಿದೆ ಅಂತ ಅರ್ಥವಂತೆ. ಹಿಂದಿನ ಬಾಡಿಗೆ ಮನೆಯೊಂದರಲ್ಲಿ ಮನೆಯ ಮಾಲೀಕ ಹಾಗೆ ಮಾಡಿದ್ದನ್ನು ನೋಡಿದ್ದರು. ಗಿರಾಕಿಯ ಅಳತೆ ಬರೆದಿಟ್ಟ ಕಾಗದ ಅದು, ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ನಮ್ಮ ಯಜಮಾನರು ಪಾಲಿಕೆಯ ಕಚೇರಿಗೆ ದೂರು ಕೊಟ್ಟು ಬಂದರು. ಅಲ್ಲಿಂದ ಒಬ್ಬರು ಬಂದು ಗುಂಡಿ ನೋಡಿ, ನಮ್ಮ ಗೋಡೆ ನೋಡಿ, ಹೊರಟುಹೋದರು. ಬ್ಯಾಂಕಿನವರು ಸಾಲದ ಜೊತೆಗೆ ಮನೆಗೆ ವಿಮೆ ಮಾಡಿಸಿದ್ದರು. ಅದು ಬೆಂಕಿಗಿತ್ತು, ನೆರೆಗಿತ್ತು, ಭೂಕಂಪಕ್ಕಿತ್ತು. ಪಕ್ಕದವರ ಗುಂಡಿಗೆ ಇರಲಿಲ್ಲ.

ಅದೊಂದು ಬೆಳಗ್ಗೆ ಅತ್ತೆ ಅಡುಗೆಮನೆಯಿಂದ ಬಂದು ನನ್ನ ಪಕ್ಕ ನಿಂತು, ಎಲ್ಲ ಪಟ್ಟಿಯೂ ಹರಿದಿದೆ ಕಣೆ ಅಂದರು. ಎಂದೂ ದನಿ ತಗ್ಗಿಸದ ಹೆಂಗಸು ಪಿಸುಗುಟ್ಟಿದ್ದು ಕೇಳಿ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೆ ಓಡಿದೆ. ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ. ರಾತ್ರಿ ಗುಂಡಿಯಲ್ಲಿ ನೀರಿನ ಪೈಪು ಒಡೆದು ಮಣ್ಣೆಲ್ಲ ನೆನೆದು ಕೂತಿತ್ತು. ನಮ್ಮ ಗೋಡೆಯ ಬುಡದಿಂದ ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು. ಒಲೆ, ಪಾತ್ರೆ, ಹಾಸಿಗೆ, ನನ್ನ ಯಂತ್ರ, ಕೈಗೆ ಸಿಕ್ಕಿದ್ದನ್ನೆಲ್ಲ ಬೀದಿಗೆ ಹಾಕಿದೆವು. ಯಜಮಾನರು ಕೆಲಸಕ್ಕೆ ಹೋಗಲಿಲ್ಲ.

ಪಕ್ಕದ ಕೆಲಸದ ಮೇಸ್ತ್ರಿ ಬಂದು ನೋಡಿ ಬಿಳಿಚಿಕೊಂಡ. ಮಣ್ಣು ವಾಪಸು ತುಂಬಿಸಿದರೆ ಗೋಡೆ ಉಳಿಯುತ್ತದೆ, ಆದರೆ ಅಗೆಯುವ ಯಂತ್ರ ಬೇರೆ ಕಡೆ ಹೋಗಿದೆ, ಬರುವುದು ಸಂಜೆ ಅಂದ. ಅಷ್ಟು ಹೊತ್ತು ಕಾಯಲಾಗದಿದ್ದರೆ ಇನ್ನೊಂದು ದಾರಿ. ಇಬ್ಬರು ಕೆಳಗಿಳಿದು ಗೋಡೆಗೆ ಓರೆಯಾಗಿ ಮರದ ಕಂಬಗಳ ಆಸರೆ ಕೊಟ್ಟು ಬರಬೇಕು. ಅರ್ಧ ಗಂಟೆಯ ಕೆಲಸ. ಅಗೆಯುವವರಲ್ಲಿ ಭಾವ ಮೈದುನ ಇಬ್ಬರು ಅಲ್ಲೇ ಇದ್ದರು. ನಮ್ಮ ಯಜಮಾನರು ಅವರ ಕೈಹಿಡಿದುಕೊಂಡು, ಇಳಿಯಿರಪ್ಪ, ಏನು ಬೇಕಾದರೂ ಕೊಡುತ್ತೇನೆ ಅಂದರು. ಮೈದುನ ಆಗಲೇ ಏಣಿಯ ಮೇಲೆ ಕಾಲಿಟ್ಟಿದ್ದ. ನಾನೂ ಮನಸ್ಸಿನಲ್ಲಿ ಇಳಿ, ಇಳಿ, ಬೇಗ ಇಳಿ ಅನ್ನುತ್ತಿದ್ದೆ.

ಅತ್ತೆ ಮೇಸ್ತ್ರಿಯನ್ನು ಕೇಳಿದರು. "ಇವರು ಕೆಳಗಿರುವಾಗ ಬಿದ್ರೆ?"

ಮೇಸ್ತ್ರಿ ಕಾಲ ಕೆಳಗಿನ ನೆಲ ನೋಡಿದ. "ಬೀಳಲ್ಲ ಅಂತ ಹೇಳೋಕಾಗಲ್ಲಮ್ಮ."

"ಹಾಗಾದ್ರೆ ಯಾರೂ ಇಳಿಯೋದು ಬೇಡ. ಮೇಲೆ ಬಾರಪ್ಪ ನೀನು."

ಅವನು ಯಾರ ಮಾತು ಕೇಳಬೇಕೋ ತಿಳಿಯದೆ ಯಜಮಾನರ ಮುಖ ನೋಡುತ್ತಾ ಮೇಲೆ ಬಂದ. ಬಂದದ್ದೇ ತಡ ಅತ್ತೆ ಏಣಿಯ ತುದಿಗೆ ಕೈಹಾಕಿ ಎಳೆಯತೊಡಗಿದರು. ಉದ್ದನೆಯ ಭಾರದ ಏಣಿ. ಒಬ್ಬರಿಂದ ಜಗ್ಗಲಿಲ್ಲ. "ಏನೇ ನೋಡ್ತಾ ನಿಂತಿದೀಯಾ, ಹಿಡ್ಕೊ ಆ ಕಡೆ," ಅಂತ ನನ್ನ ಮೇಲೆ ರೇಗಿದರು. ನಾನು ಹೋಗಿ ಹಿಡಿದೆ. ಇಬ್ಬರೂ ಸೇರಿ ಏಣಿಯನ್ನು ಮೇಲಕ್ಕೆಳೆದು ಬೀದಿಯಲ್ಲಿ ಅಡ್ಡ ಮಲಗಿಸಿದೆವು. ಅತ್ತೆ ಅದರ ಮೇಲೆ ಕೂತುಬಿಟ್ಟರು.

ನಮ್ಮ ಯಜಮಾನರು ಮೊದಲು ಬೇಡಿಕೊಂಡರು. ಆಮೇಲೆ ಬೈದರು. ನಿನ್ನ ಜೀವಮಾನದ ದುಡ್ಡು ಕಣಮ್ಮ ಅಂತ ಹೇಳಿದರು. ನನಗೆ ಗೊತ್ತಿಲ್ವೇನೋ ಅಂದರು ಅತ್ತೆ, ಅಷ್ಟೇ. ಬಿಲ್ಡರ್ ಫೋನಿನಲ್ಲಿ ಕಿರುಚಾಡುತ್ತಿದ್ದ. ಮನೆ ಯಾರ ಹೆಸರಲ್ಲಿದೆಯೋ ಅವರೇ ಬೇಡ ಅನ್ನುತ್ತಿದ್ದಾರೆ, ನಾನು ಆಳು ಇಳಿಸಿ ಜೈಲಿಗೆ ಹೋಗಲೇ ಅಂತ ಮೇಸ್ತ್ರಿ ತಿರುಗಿ ಹೇಳಿದ. ಬೀದಿಯವರೆಲ್ಲ ಸೇರಿದರು. ಮುದುಕಿಗೆ ತಲೆ ಕೆಟ್ಟಿದೆ ಅಂತ ಒಬ್ಬರು ನನಗೆ ಕೇಳುವ ಹಾಗೇ ಅಂದರು.

ಗೋಡೆ ಮಾತ್ರ ನಿಂತೇ ಇತ್ತು.

ಅರ್ಧ ಗಂಟೆ ಕಳೆಯಿತು. ನೋಡಮ್ಮ, ನಿಂತಿದೆ ಅಂದರು ಯಜಮಾನರು. ಇನ್ನೊಂದು ಅರ್ಧ ಗಂಟೆ ಹೋಯಿತು. ಈಗಲಾದರೂ ಏಳಮ್ಮ ಅಂದರು. ಬಿಸಿಲು ನೆತ್ತಿಗೇರಿತು. ಗೋಡೆ ಆಗೊಮ್ಮೆ ಈಗೊಮ್ಮೆ ಒಂದಿಷ್ಟು ಗಾರೆ ಉದುರಿಸಿ ಸುಮ್ಮನಾಗುತ್ತಿತ್ತು. ಕಡೆಗೆ ಆ ಮೈದುನನೇ ಬಂದು ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತು, ಅಜ್ಜಿ, ಇಷ್ಟೊತ್ತಿಗೆ ನಾವು ಮುಗಿಸಿ ಮೇಲೆ ಬಂದು ಟೀ ಕುಡೀತಿದ್ವಿ, ಏಣಿ ಕೊಡಿ ಅಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ಮರುಗಿ ಹೇಳಿದ. ಅತ್ತೆ ಅವನಿಗೊಬ್ಬನಿಗೇ ಅಲ್ಲದೆ ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟರು.

"ಗೋಡೆ ಯಾವಾಗ ಬೀಳುತ್ತೆ ಅನ್ನೋದನ್ನ ಬಿದ್ದ ಮೇಲೆ ಎಲ್ಲರೂ ಹೇಳ್ತಾರೆ. ಈಗಲೇ ಹೇಳೋನು ಯಾವನಾದ್ರೂ ಇದ್ರೆ ಬಂದು ಏಣಿ ತಗೊಂಡು ಹೋಗ್ಲಿ."

ಯಾರೂ ಬರಲಿಲ್ಲ. ಯಜಮಾನರೂ ಬರಲಿಲ್ಲ. ನಾನು ಅತ್ತೆಯ ಪಕ್ಕ ಏಣಿಯ ಮೇಲೆ ಕೂತೆ. ಅವರು ನೀರು ಕೊಟ್ಟರೆ ಕುಡಿಯಲಿಲ್ಲ, ಗೋಡೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಎರಡೂ ಕೈಯಲ್ಲಿ ಮಂಡಿಯನ್ನು ಒತ್ತಿ ಹಿಡಿದುಕೊಂಡಿದ್ದರು. ತುಟಿ ಅಲುಗುತ್ತಿತ್ತು. ಬಗ್ಗಿ ಕೇಳಿದರೆ ಗೋಡೆಗೆ ಹೇಳುತ್ತಿದ್ದರು. ನಿಂತ್ಕೊ, ಸಂಜೆವರೆಗೆ ನಿಂತ್ಕೊ, ನಿನಗೆ ಕೈ ಮುಗೀತೀನಿ ಅನ್ನುತ್ತಿದ್ದರು.

ಇಳಿಹೊತ್ತಿನಲ್ಲಿ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಅಡುಗೆಮನೆಯ ಗೋಡೆ ಸುಸ್ತಾದವರು ಕೂರುವ ಹಾಗೆ ಕುಸಿಯಿತು, ಅದರ ಹಿಂದೆಯೇ ಅತ್ತೆಯ ಕೋಣೆ, ಅದರ ಚಾವಣಿ. ಎಲ್ಲ ಗುಂಡಿಯೊಳಗೆ ಹೋಯಿತು. ದೂಳು ಅಡಗಿದಾಗ ಮೊಳೆಗಳಿದ್ದ ಒಂದು ತುಂಡು ಗೋಡೆ ಮಾತ್ರ ಓರೆಯಾಗಿ ಕಾಣುತ್ತಿತ್ತು. ಮಣ್ಣು ತುಂಬುವ ಯಂತ್ರ ಬೀದಿಯ ತಿರುವಿಗೆ ಬಂದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಬಂದರು ಅಂತ ಯಾರೋ ಅಂದರು.

ಯಜಮಾನರು ಕೂಗಾಡಲಿಲ್ಲ. ಅತ್ತೆಯ ಹತ್ತಿರ ಬಂದು ನಿಂತು, "ಟೈಮ್ ಇತ್ತಮ್ಮ," ಅಂದರು.

ಅತ್ತೆ ಏಳಲು ಹೋಗಿ ಆಗದೆ ನನ್ನ ಭುಜ ಹಿಡಿದುಕೊಂಡರು. "ಇತ್ತು ಕಣೋ," ಅಂದರು.

ಈಗ ಮತ್ತೆ ಬಾಡಿಗೆಯ ಎರಡು ಕೋಣೆಯಲ್ಲಿದ್ದೇವೆ. ಬಿಲ್ಡರನ ಮೇಲೆ ಹಾಕಿದ ಕೇಸು ನಡೆಯುತ್ತಿದೆ. ಅರ್ಧ ಮನೆ ಬಿದ್ದರೂ ನಮ್ಮ ಆಸ್ತಿಯ ಬೆಲೆ ಇಳಿಯಲಿಲ್ಲ. ಕೊಳ್ಳುವವರು ಹೇಗೂ ಕೆಡವುತ್ತಿದ್ದರು, ಅರ್ಧ ಖರ್ಚು ಉಳಿಯಿತು ನೋಡಿ, ಈಗ ಇನ್ನೂ ಒಳ್ಳೆಯ ರೇಟು ಬರುತ್ತದೆ ಅಂತ ದಲ್ಲಾಳಿ ವಾರದೊಳಗೇ ಬಂದು ಹೇಳಿದ. ಯಜಮಾನರು ಅವನನ್ನು ಬಾಗಿಲಿನಿಂದಲೇ ಕಳಿಸಿದರು. ರೇಟಿನ ಮಾತು ಅವರ ಬಾಯಲ್ಲಿ ಮತ್ತೆ ಬಂದಿಲ್ಲ. ಆದರೆ ಅಮ್ಮನ ಜೊತೆ ಅವರ ಮಾತೂ ಊಟ ಆಯ್ತಾ, ದೀಪ ಆರಿಸಲಾ ಅನ್ನುವಷ್ಟಕ್ಕೇ ನಿಂತಿದೆ. ಮನೆಗೆ ಯಾರೇ ಬಂದರೂ ಆ ದಿನದ ಕಥೆ ಹೇಳುತ್ತಾರೆ, ಕೊನೆಗೆ ಟೈಮ್ ಇತ್ತು ಅನ್ನುತ್ತಾರೆ. ಅತ್ತೆ ಗೋಡೆಗೊರಗಿ ಕೇಳಿಸಿಕೊಂಡು ಪ್ರತಿ ಸಲವೂ ಹೌದು, ಇತ್ತು ಅನ್ನುತ್ತಾರೆ. ಆ ಭಾವ ಮೈದುನರು ಅವತ್ತು ಸಂಜೆ ಎಂದಿನಂತೆ ಕೈಕಾಲು ತೊಳೆದುಕೊಂಡು ಮನೆಗೆ ಹೋದರು. ಈಗ ಎಲ್ಲಿ ಅಗೆಯುತ್ತಿದ್ದಾರೋ ಗೊತ್ತಿಲ್ಲ.

ಮೊನ್ನೆ ಮಧ್ಯಾಹ್ನ ನಾನು ಹೊಲಿಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ರವಿಕೆಗಳಿಗೆ ಹುಕ್ಕು ಹಾಕಿಕೊಡುತ್ತಿದ್ದರು. ಇದ್ದಕ್ಕಿದ್ದ ಹಾಗೆ, ನಿಜ ಹೇಳು, ನಿನಗೂ ನಿನ್ನ ಗಂಡನ ಹಾಗೇ ಅನ್ನಿಸುತ್ತಾ ಅಂತ ಕೇಳಿದರು. ನನಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಆ ಅಡುಗೆಮನೆಯ ಕಿಟಕಿ ನನಗೆ ಕನಸಲ್ಲೂ ಬರುತ್ತದೆ.

"ಅನ್ಸುತ್ತೆ ಅತ್ತೆ. ದಿನಾ ಅನ್ಸುತ್ತೆ."

ಅವರು ಹುಕ್ಕಿನ ದಾರ ಹಲ್ಲಲ್ಲಿ ಕಡಿದರು. "ನೀನು ಆ ಕಡೆ ಹಿಡೀದೆ ಇದ್ದಿದ್ರೆ ಏಣಿ ಏಳ್ತಾನೇ ಇರಲಿಲ್ಲ ಕಣೆ. ಆ ಹುಡುಗ ಇಳಿದಿರ್ತಿದ್ದ. ಮನೆ ಇವತ್ತೂ ಇರ್ತಿತ್ತು."

"ಇರ್ತಿತ್ತು."

"ಸೊಸೆಯಾಗಿ ಬಂದಾಗಿನಿಂದ ನಾನು ಹೇಳಿದ ಒಂದು ಮಾತಾದ್ರೂ ಕೇಳಿದೀಯಾ ನೀನು? ಅವತ್ತೊಂದು ದಿನ ಯಾಕೆ ಕೇಳ್ದೆ?"

ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಅತ್ತೆಗೆ ನಗು ಬಂತು, ನನಗೂ ಬಂತು. ನಗುತ್ತಾ ನಗುತ್ತಾ ಅವರು ಅಳಲು ಶುರುಮಾಡಿದರು. ಮನೆ ಬಿದ್ದ ದಿನ ಅತ್ತವರಲ್ಲ, ಆಮೇಲೂ ಅತ್ತವರಲ್ಲ. ನನ್ನ ಮನೆ, ನನ್ನ ಮನೆ ಅಂತ ಹೆತ್ತ ಮಗುವನ್ನು ಕಳೆದುಕೊಂಡವರ ಹಾಗೆ ಗಟ್ಟಿಯಾಗಿ ಅತ್ತರು. ನಾನು ಯಂತ್ರ ನಿಲ್ಲಿಸಿ ಹೋಗಿ ಅವರನ್ನು ಹಿಡಿದುಕೊಂಡೆ.